ಬೆರಳು ಆಡಿಸು ನೋಡೋಣ

ಮೂಳೆ ಮುರಿದಿದೆಯೋ ಇಲ್ಲವೋ ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ನಾನು. ಮೈದಾನದಲ್ಲಿ ಯಾವ ಮಗು ಕೈಯೂರಿ ಬಿದ್ದರೂ, "ಬೆರಳು ಆಡಿಸು ನೋಡೋಣ" ಅನ್ನುತ್ತಿದ್ದೆ. ಬೆರಳು ಆಡಿದರೆ ಮೂಳೆ ಮುರಿದಿಲ್ಲ, ಎದ್ದು ಓಡು. ಇಷ್ಟೇ ನನ್ನ ವೈದ್ಯಶಾಸ್ತ್ರ. ಅದನ್ನು ಯಾರು ಕಲಿಸಿದರೋ ನೆನಪಿಲ್ಲ. ಅನುಮಾನಪಟ್ಟ ನೆನಪಂತೂ ಇಲ್ಲವೇ ಇಲ್ಲ.

ತೊಂಬತ್ತರ ದಶಕದ ಒಂದು ಭಾನುವಾರ ನನ್ನ ಮಗಳು ವಾಣಿ ಹನುಮಂತನಗರದ ನಮ್ಮ ಇಳಿಜಾರು ರಸ್ತೆಯಲ್ಲಿ ಬಾಡಿಗೆ ಸೈಕಲ್ಲಿನಿಂದ ಬಿದ್ದಳು. ಒಂಬತ್ತು ವರ್ಷದವಳು. ಬಲಗೈ ಎದೆಗೆ ಒತ್ತಿಕೊಂಡು ಬಂದಳು. ಬೆರಳು ಆಡಿಸಲು ಹೇಳಿದೆ. ಹಲ್ಲು ಕಚ್ಚಿಕೊಂಡು ಆಡಿಸಿದಳು. ಡಾಕ್ಟರಿಗೆ ತೋರಿಸೋಣ ಎಂದ ಹೆಂಡತಿ ಸರೋಜಳನ್ನು ನೋಡಿ ನಕ್ಕೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಮಗು ಬಿಕ್ಕುತ್ತಿದ್ದರೂ ನಾನೇ ನೀವಿದೆ, ಎಳೆದೆ. ಮಾರನೆಯ ದಿನ ಸ್ಕೂಲಿಗೂ ಕಳಿಸಿದೆ. ಬರೆಯೋಕ್ಕಾಗಲ್ಲ ಅಂದಳು. ಹೋಮ್‌ವರ್ಕಿನ ಕಳ್ಳಾಟ ಅಂದೆ. ಸಂಜೆ ಎಡಗೈಯಲ್ಲಿ ಊಟಕ್ಕೆ ಕೂತದ್ದನ್ನು ಕಂಡು ಗದರಿಸಿದೆ. ತಟ್ಟೆ ಹಾಗೇ ಬಿಟ್ಟು ಎದ್ದುಹೋದಳು.

ಬುಧವಾರ ನಾನು ಶಾಲೆಯಲ್ಲಿದ್ದಾಗ ಸರೋಜ ಆಟೋ ಹತ್ತಿಸಿ ಬಸವನಗುಡಿಯ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸುದ್ದಿ ತಿಳಿದು ಓಡಿದೆ. ಎಕ್ಸ್‌ರೇ ಬೆಳಕಿನ ಮುಂದೆ ತೂಗುತ್ತಿತ್ತು. ಮಣಿಕಟ್ಟು ಎಂಬುದು ಎಷ್ಟು ಚೆಂದದ ಹೆಸರು, ಯಾರೋ ಮಣಿ ಪೋಣಿಸಿ ಕಟ್ಟಿದಂತೆ. ಪುಸ್ತಕ ತೆರೆದು ನೋಡಿದರೆ ಅಲ್ಲಿ ಎಂಟು ಪುಟ್ಟ ಮೂಳೆಗಳಿವೆಯಂತೆ. ಅದನ್ನು ಓದಿದ್ದು ಆಮೇಲೆ. ನನ್ನ ಓದೆಲ್ಲ ಆಮೇಲಿನದೇ. ಮುರಿದದ್ದು ಅದಕ್ಕೂ ತುಸು ಮೇಲೆ, ಮುಂಗೈ ಮೂಳೆಯ ತುದಿ. ಜರುಗಿ ಕೂತಿತ್ತು.

"ಯಾರು ನೀವಿದ್ದು?" ಎಂದು ಡಾಕ್ಟರು ಕೇಳಿದರು. ನಾನು ಎಂದೆ. ಅವರು ಬೈಯಲಿಲ್ಲ. ಬೆರಳು ಆಡುವುದಕ್ಕೂ ಮೂಳೆ ಮುರಿಯುವುದಕ್ಕೂ ಸಂಬಂಧವಿಲ್ಲ, ಬಿದ್ದ ಕೈಯನ್ನು ಅಲ್ಲಾಡದಂತೆ ಕಟ್ಟಿ ಕರೆತರಬೇಕಿತ್ತು ಎಂದು ಶಾಂತವಾಗಿ ವಿವರಿಸಿದರು. ಬೈದಿದ್ದರೆ ಕೋಪ ಮಾಡಿಕೊಂಡಾದರೂ ಬದುಕಿಕೊಳ್ಳುತ್ತಿದ್ದೆ. ಅರಿವಳಿಕೆ ಕೊಟ್ಟು ಮೂಳೆ ಸರಿಪಡಿಸಿ ಪ್ಲಾಸ್ಟರ್ ಹಾಕಿದರು. ನನ್ನ ಕೈಕೆಳಗೆ ಎದ್ದು ಓಡಿದ ಮಕ್ಕಳಲ್ಲಿ ಎಷ್ಟು ಜನರ ಕೈ ಸೊಟ್ಟಗೆ ಕೂಡಿಕೊಂಡಿದೆಯೋ, ಹುಡುಕಿಕೊಂಡು ಹೋಗಿ ಕೇಳುವ ಧೈರ್ಯ ಇವತ್ತಿಗೂ ಇಲ್ಲ.

ವಾಣಿಯದು ನೆಟ್ಟಗೆ ಕೂಡಿಕೊಂಡಿತು. ಮಕ್ಕಳ ಮೂಳೆ ಬೇಗ ಕ್ಷಮಿಸುತ್ತದೆ.

ಪ್ಲಾಸ್ಟರ್ ಬಿಚ್ಚಿದ ದಿನ ನಾನೇ ಕರೆದುಕೊಂಡು ಹೋಗಿದ್ದೆ. ಸಣಕಲಾದ ಕೈಯನ್ನು ಮೆಲ್ಲಗೆ ಒತ್ತಿ ಡಾಕ್ಟರು, "ಇಲ್ಲಿ ನೋವಿದ್ಯಾ ಪುಟ್ಟಿ?" ಎಂದರು. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ "ಇಲ್ಲ" ಅಂದಳು. ಡಾಕ್ಟರು ಇನ್ನೊಂದು ಕಡೆ ಒತ್ತಿದರು. ಮತ್ತೆ ನನ್ನ ಮುಖ, ಮತ್ತೆ "ಇಲ್ಲ".

"ಮೇಷ್ಟ್ರೇ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲ ಪರದೆಯ ಆಚೆಯಿಂದ ಅವಳ ದನಿ ಕೇಳಿಸತೊಡಗಿತು. ಎಲ್ಲೆಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂದು ಬಹಳ ಹೊತ್ತು ಹೇಳಿದಳು.