ಸೂಗಮ್ಮ ಕಟ್ಟಿದ ಒಡಪು

ಶಿರವಾಳದ ಸೂಗಮ್ಮನಿಗೆ ಸಿಟ್ಟು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿಟ್ಟನ್ನೂ ಮಜ್ಜಿಗೆಯ ಹಾಗೆ ಗಡಿಗೆಯಲ್ಲಿ ಮುಚ್ಚಿಟ್ಟು ಹುಳಿ ಬರಿಸುವ ಹೆಂಗಸು ಅವಳು.

ಮನೆಯ ಹಿಂದಿನ ಹೊಲದಲ್ಲಿ ನಿಂಬೆಯ ಸಸಿಗಳಿದ್ದವು. ನೆಟ್ಟ ವರ್ಷವೇ ಎಲೆ ಮುರುಟಿ, ನರ ಮಾತ್ರ ಹಸಿರುಳಿದು ಮಿಕ್ಕದ್ದೆಲ್ಲ ಹಳದಿಯಾದಾಗ, ಕಿತ್ತು ಹತ್ತಿ ಬಿತ್ತೋಣ ಎಂದಿದ್ದ ಗಂಡ ಶಾಂತಪ್ಪ. ಸೂಗಮ್ಮ ಬಿಡಲಿಲ್ಲ. ತನ್ನ ಪಾಲಿನ ಮಜ್ಜಿಗೆ ಕುಡಿಯದೆ ಉಳಿಸಿ, ತಾಮ್ರದ ತುಂಡು ಹಾಕಿ ಹುಳಿಸಿದಳು. ನೀರು ಬೆರೆಸಿ, ಹಳೆಯ ಸೀರೆಯಲ್ಲಿ ಸೋಸಿ, ಔಷಧಿ ಹೊಡೆಯುವ ಪಂಪು ಬೆನ್ನಿಗೇರಿಸಿ, ಬಿಸಿಲಿಳಿದ ಮೇಲೆ ಎಲೆಯ ಮೇಲೂ ಕೆಳಗೂ ತಾಗುವಂತೆ ಹೊಡೆದಳು. ಗಂಜಲಕ್ಕೆ ಬೆಲ್ಲ ಕೂಡಿಸಿ ಕೊಳೆಯಿಟ್ಟು, ಅದನ್ನೂ ತಿಳಿ ಮಾಡಿ ಸಿಂಪಡಿಸಿದಳು. ಹುಳಕ್ಕೆ ಬೇವಿನ ಬೀಜ ಕುಟ್ಟಿ ನೆನೆಹಾಕಿದಳು. ಇದೆಲ್ಲ ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಅತ್ತೆಯ ಕಾಲೊತ್ತಿ ಉಳಿದ ಹೊತ್ತಿನಲ್ಲಿ. ಆ ಹೊತ್ತು ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರುವರ್ಷ ಚಿಗುರು ಮಿರಮಿರ ಮಿಂಚಿತು. ಕೊಂಕಲ್ ಊರಿನ ಕಡೆಯ ರೈತರು ನೋಡಲು ಬಂದರು. ತಾನು ಮಜ್ಜಿಗೆ ಹೇಗೆ ಹುಳಿಸಿದೆ, ಹೇಗೆ ಸೋಸಿದೆ ಎಂದು ಶಾಂತಪ್ಪ ಟವೆಲ್ಲು ಕೊಡವಿ ಕೊಡವಿ ವಿವರಿಸಿದ. ಬಂದವರಲ್ಲಿ ಹಿರಿಯನಾದ ಬೀರಣ್ಣ, ಚಹದ ತಟ್ಟೆ ಹಿಡಿದು ನಿಂತ ಸೂಗಮ್ಮನ ಕಡೆ ನೋಡಿ, ಮನೆಯವರೂ ಕೈ ಹಚ್ಚುತ್ತಾರೇನು ಎಂದು ಕೇಳಿದ.

"ಆಕಿಗೇನ್ ತಿಳಿತದ್ರಿ? ಚಾ ಮಾಡಾಕ ಬರ್ತದ, ಅಷ್ಟ ಸಾಕು" ಎಂದ ಶಾಂತಪ್ಪ.

ಎಲ್ಲರೂ ನಕ್ಕರು. ಸೂಗಮ್ಮನೂ ನಕ್ಕಳು. ಪಂಪಿನ ಪಟ್ಟಿ ಉಜ್ಜಿ ಕಪ್ಪಾದ ಹೆಗಲು ಸೆರಗಿನೊಳಗೆ ಉರಿಯುತ್ತಿತ್ತು.

ಮುಂದೆ ರೈತರೆಲ್ಲ ಸೇರಿ ಶಾಂತಪ್ಪನಿಗೆ ಗುಡಿಯಂಗಳದಲ್ಲಿ ಸನ್ಮಾನ ಇಟ್ಟರು. ಅವಳಿಗೆ ಸೇಡಿನ ದಾರಿ ಹೊಳೆದದ್ದು ಆಗಲೇ. ಸನ್ಮಾನಕ್ಕೆ ಜೋಡಿಯಾಗಿ ಕೂರಿಸುತ್ತಾರೆ. ಜೋಡಿ ಕೂತಲ್ಲಿ ಹೆಂಗಸರು ಸುಮ್ಮನಿರುವುದಿಲ್ಲ. ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳಿಸಿಯೇ ಹೆಂಡತಿಯನ್ನು ಏಳಗೊಡುತ್ತಾರೆ. ವರ್ಷವಿಡೀ ಗಂಡನ ಹೆಸರೆತ್ತದ ಬಾಯಿಗೆ ಅದೊಂದೇ ಪರವಾನಗಿ. ಒಡಪಿನಲ್ಲಿ ಏನಂದರೂ ಗಂಡ ಸಿಟ್ಟಾಗುವಂತಿಲ್ಲ, ಆದರೆ ಊರೇ ನಗುತ್ತದೆ.

ಸಸಿಗಳಲ್ಲಿ ಹುಳ ಆರಿಸುತ್ತಾ ಸೂಗಮ್ಮ ಒಡಪು ಕಟ್ಟಿದಳು. ಮೊದಲು ಹೊಳೆದದ್ದು ಮೆತ್ತಗಾಯಿತೆಂದು ಬಿಟ್ಟಳು. ಎರಡನೆಯದನ್ನು ಕುಡುಗೋಲಿನಂತೆ ಮಸೆದಳು.

ಆ ದಿನ ಗಂಡನಿಗೆ ಶಾಲು ಹೊದಿಸಿದರು, ಅವಳ ಕೈಗೆ ಎಲೆ ಅಡಿಕೆ, ಕುಬಸದ ಕಣ ಕೊಟ್ಟರು. ಭಾಷಣ ಮುಗಿಯುತ್ತಲೇ ನೆರೆಮನೆಯ ಮಾನಮ್ಮ, "ಸೂಗವ್ವ, ಹೆಸರ ಹೇಳದ ಎದ್ದೀಯಂದ್ರ ನೋಡು" ಎಂದಳು. ಶಾಂತಪ್ಪ ಮೀಸೆಯಡಿ ನಗುತ್ತಾ ಹೊಗಳಿಕೆಗೆ ಕಾದ. ಸೂಗಮ್ಮ ತಲೆಯ ಮೇಲಿನ ಸೆರಗು ಎಳೆದುಕೊಂಡು, ಮೈಕಿಗೆ ಬಾಯಿಟ್ಟು ಹೇಳಿದಳು:

"ಹುಳಿ ಮಜ್ಜಿಗಿ ಸೋಸಾಕಿ ನಾ, ಹುಳ ಹುಪ್ಪಡಿ ಆರಸಾಕಿ ನಾ,
ಪಂಪ್ ಹೊತ್ತು ಹೊಡಿಯಾಕಿ ನಾ, ಬಂದೋರಿಗಿ ಚಾ ಕೊಡಾಕಿ ನಾ,
ಶಾಲು ಹೊದ್ದು ಸುಮ್ಮ ಕುಂತೋರು ಶಾಂತಪ್ಪನೋರು."

ಮೊದಲು ಹೆಂಗಸರ ಸಾಲು ನಕ್ಕಿತು, ಆಮೇಲೆ ಬೀರಣ್ಣ, ಆಮೇಲೆ ಇಡೀ ಅಂಗಳ. ಶಾಂತಪ್ಪನೂ ಹಲ್ಲು ಕಿರಿಯಬೇಕಾಯಿತು. ಶಾಲಿನೊಳಗೆ ಬೆವೆತ.

ಮನೆಯ ಬಾಗಿಲು ದಾಟಿದ್ದೇ ಅವನು ಹಲ್ಲು ಕಡಿದ: "ನಾಕ ಮಂದ್ಯಾಗ ಮರ್ಯಾದಿ ತಗದಿ."

"ನಾ ಏನ್ ಮಾಡೀನ್ರಿ? ನಿಮ್ಮ ಹೆಸರಷ್ಟ ಹೇಳೀನಿ."

ಊರು ಅವನನ್ನು ಶಾಲಿನ ಶಾಂತಪ್ಪ ಎಂದು ಕರೆಯತೊಡಗಿತು. ಬೀರಣ್ಣ ಮತ್ತೆ ಬಂದಾಗ ಕಟ್ಟೆಯ ಮೇಲೆ ಕೂತ ಯಜಮಾನನಿಗೆ ಶರಣೆಂದು, ನೆಟ್ಟಗೆ ಕೊಟ್ಟಿಗೆಗೆ ಹೋಗಿ, ಮಜ್ಜಿಗೆಗೆ ನೀರೆಷ್ಟು ಎಂದು ಸೂಗಮ್ಮನನ್ನು ಕೇಳಿದ.

ಸುರಪುರದಲ್ಲಿ ನಾದಿನಿಯ ಮಗಳ ಲಗ್ನ ಗೊತ್ತಾಗಿತ್ತು. ಅಲ್ಲಿ ಬೀಗರ ಮುಂದೆ ತನ್ನ ಮರ್ಯಾದೆ ಉಳಿಯುವಂಥ ಒಂದು ಚೊಲೊ ಒಡಪು ಹೇಳಬೇಕೆಂದು ಶಾಂತಪ್ಪ ಮೆತ್ತಗೆ ಕೇಳಿಕೊಂಡ. ನೋಡೋಣ ಎಂದಳು. ಅಂದು ಸಂಜೆ ಅವನೇ ಪಂಪು ಹೊತ್ತು ಸಸಿಗಳ ಸಾಲಿಗೆ ಇಳಿದ. ಸೂಗಮ್ಮ ಬದುವಿನ ಮೇಲೆ ಅಡಿಕೆ ಜಗಿಯುತ್ತಾ ಕೂತು, ಎಲೆಯ ಕೆಳಗೆ ಬಿದ್ದಿಲ್ಲ, ಹಿಂದಕ್ಕೆ ಬರ್ರಿ ಎಂದು ಮತ್ತೆ ಮತ್ತೆ ಕರೆದಳು. ಮಜ್ಜಿಗೆ ಬಿದ್ದಿದ್ದ ಕಡೆಗೂ ಕರೆದಳು. ಅವನು ಬಂದ.

ಲಗ್ನದಲ್ಲಿ ಏನು ಹೇಳುತ್ತಾಳೆಂದು ಅವಳು ಇನ್ನೂ ಹೇಳಿಲ್ಲ.