ಮುಂದಿನ ವಚನ ಓದುವವರಿಲ್ಲದ ಮನೆ

ಬಸ್ಸಿನಿಂದ ಇಳಿದು, ಟ್ರಂಕು ಹೊತ್ತವನ ಹಿಂದೆ ಬಹಳ ಹೊತ್ತು ನಡೆದೆವು. ಗುಡ್ಡ ಹತ್ತಿದೆವು, ಇಳಿದೆವು, ಒಂದು ತೋಡು ದಾಟಿದೆವು. ತೋಡು ಎಂದರೆ ಇಲ್ಲಿ ಸಣ್ಣ ಹಳ್ಳ. ಕೊನೆಗೆ ತಡೆಯಲಾರದೆ ನಮ್ಮವರನ್ನು ಕೇಳಿದೆ, “ಊರು ಇನ್ನ ಎಷ್ಟ್ ದೂರ ಐತ್ರಿ?”

“ಊರಾಗನ ಅದೀವಿ,” ಎಂದರು ಅವರು.

ನಾನು ನಿಂತುಬಿಟ್ಟೆ. ಸುತ್ತ ಒಂದು ಮನೆಯೂ ಇಲ್ಲ. ಒಂದು ನಾಯಿ ಬೊಗಳುವುದು ಎಲ್ಲಿಂದಲೋ ಕೇಳುತ್ತಿತ್ತು, ಅಷ್ಟೇ.

ಬೆಟಗೇರಿಯ ನನ್ನ ಓದುಗರೇ, ನಮ್ಮಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡು ಬದುಕಿದವರಿಗೆ ಇದನ್ನು ನಂಬುವುದು ಕಷ್ಟ. ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಎರಡನೆಯ ಮನೆಯವರು ಸೀನುತ್ತಾರೆ. ಸುಳ್ಯದ ಈ ಕಡೆ ಒಂದೊಂದು ಮನೆಗೂ ಒಂದೊಂದು ಇಳಿಜಾರು. ಪಕ್ಕದವರನ್ನು ಕರೆಯಬೇಕಾದರೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಬೇಕು.

ನಮ್ಮವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ರಾಜ್ಯ ಒಂದಾದ ಮೇಲೆ ಗದಗಿನವರನ್ನು ಘಟ್ಟದ ಕೆಳಗೂ ಕಳಿಸಬಹುದೆಂದಾಯಿತು. ಹಾಗೆ ಬಂದವರು ನಾವು. ಪೂವಮ್ಮ ಎಂಬ ಗೌಡರ ಮನೆಯ ಹಿರಿಯಾಕೆ, ತಮ್ಮ ಅಂಗಳದ ಕೆಳಗಿನ ಎರಡು ಕೋಣೆಗಳನ್ನು ನಮಗೆ ಬಿಡಾರವಾಗಿ ಕೊಟ್ಟರು. ಬಾಡಿಗೆಯ ವಸತಿಗೆ ಇಲ್ಲಿ ಹಾಗೆನ್ನುತ್ತಾರೆ.

ಮೊದಲ ದಿನ ಅವರು ಜಗಲಿಯಿಂದ ಕೇಳಿದರು, “ಬಾಯಾರಿಕೆ ಎಂತ ಬೇಕು?”

ಬಾಯಾರಿಕೆಯನ್ನು ಯಾರಾದರೂ ಬೇಡುತ್ತಾರೆಯೇ ಎಂದು ನಾನು ಬಾಯಿ ಬಿಟ್ಟೆ. ಕುಡಿಯುವುದಕ್ಕೆ ಏನು ಕೊಡಲಿ ಎಂದು ಅದರ ಅರ್ಥವಂತೆ. ನಾನು ನಗುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂತು. “ನಿಮಗೆ ಮೈಲಿ ಬಂದದ್ದಾ? ಮುಖದಲ್ಲಿ ಕಲೆ ಉಂಟಲ್ಲ.”

ಮೈಲಿ ಎಂದರೆ ಸಿಡುಬು. ನಾನು ಚಿಕ್ಕವಳಿದ್ದಾಗ ಬಂದದ್ದು. ನಮ್ಮ ಊರಲ್ಲಿ ಎಲ್ಲರೂ ನನ್ನ ಮುಖ ನೋಡಿದವರೇ, ಯಾರೂ ಆ ಮಾತು ಎತ್ತಿದವರಲ್ಲ. ನಾನು ತಲೆಯಾಡಿಸಿ ಒಳಗೆ ಹೋದೆ.

ಸಂಜೆ ಕೊಡ ತೆಗೆದುಕೊಂಡು ಬಾವಿಗೆ ಹೋದಾಗ ಪೂವಮ್ಮ ಓಡಿ ಬಂದರು. “ನೀವು ಮುಟ್ಟುದು ಬೇಡ. ನಾನೇ ಎಳೆದು ಕೊಡ್ತೇನೆ.” ನನ್ನ ಕೊಡ ನೆಲದ ಮೇಲೆ, ಅವರ ಕೊಡಪಾನ ಮೇಲಿಂದ. ನಾವು ಕ್ರೈಸ್ತರು ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಮಾತಿನಲ್ಲಿ ಒರಟಿಲ್ಲ, ನೀರು ಕೊಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಕೊಡ ಹಿಡಿದು ಕಾಯುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು.

ಊಟದ ಮಾತು ಹೇಳುವುದಾದರೆ, ಕುಚ್ಚಲಕ್ಕಿಯ ಗಂಜಿಯನ್ನು ಹೊಟ್ಟೆ ಬೇಗ ಒಪ್ಪಿತು, ನಾಲಿಗೆ ಒಪ್ಪಲಿಲ್ಲ. ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟು ಆಟಿ ತಿಂಗಳ ಜಡಿಮಳೆಯಲ್ಲಿ ಮುಗ್ಗಲು ಹಿಡಿಯಿತು. ಚೆಲ್ಲುವ ಮುನ್ನ ಒಮ್ಮೆ ಮೂಸಿ ನೋಡಿದೆ. ಅತ್ತದ್ದು ಅವತ್ತೇ ಮೊದಲು.

ಎಲ್ಲಕ್ಕಿಂತ ಕಷ್ಟ ಬೆಳಗಿನ ಪಾಠ. ಅಪ್ಪನ ಮನೆಯಲ್ಲಿ ಮಗ್ಗಕ್ಕೆ ಕೂರುವ ಮೊದಲು ಎಲ್ಲರೂ ಸುತ್ತ ಕೂತು ಸತ್ಯವೇದ ಓದುತ್ತಿದ್ದೆವು. ಅಪ್ಪ ಒಂದು ವಚನ, ಅವ್ವ ಒಂದು, ನಾನು ಒಂದು, ತಂಗಿ ಒಂದು. ಇಲ್ಲಿ ನಮ್ಮವರು ಬೆಳಕು ಹರಿಯುವುದರೊಳಗೆ ಯಾವುದೋ ಹಳ್ಳಿಯ ಎಮ್ಮೆ ನೋಡಲು ಹೊರಟಿರುತ್ತಿದ್ದರು. ನಾನು ಒಂದು ವಚನ ಓದಿ, ರೂಢಿಯಂತೆ ಸುಮ್ಮನಾಗುತ್ತಿದ್ದೆ. ಮುಂದಿನದನ್ನು ಓದುವವರಿಲ್ಲ ಎಂದು ನೆನಪಾದ ಮೇಲೆ ಅದನ್ನೂ ನಾನೇ ಓದುತ್ತಿದ್ದೆ. ನಮ್ಮ ಸಭೆಯ ದೇವಾಲಯ ಇದ್ದದ್ದು ಪುತ್ತೂರಿನಲ್ಲಿ. ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಓದುತ್ತಿದ್ದೆ, ಪ್ರಾರ್ಥಿಸುತ್ತಿದ್ದೆ, ಆಮೇಲೆ ಕೊಡ ತೆಗೆದುಕೊಂಡು ಬಾವಿಗೆ ಹೋಗಿ ಪೂವಮ್ಮನ ಮೇಲೆ ಒಳಗೊಳಗೇ ಕುದಿಯುತ್ತಿದ್ದೆ. ಓದಿದ್ದಕ್ಕೂ ಕುದಿದದ್ದಕ್ಕೂ ನಡುವೆ ಹೊಸಿಲಿನಷ್ಟೇ ಅಂತರ.

ಎರಡನೆಯ ಬೇಸಿಗೆಯಲ್ಲಿ ಪೂವಮ್ಮನ ಸೊಸೆ ಲೀಲಾವತಿ ತವರಿನಿಂದ ಜ್ವರ ಹೊತ್ತು ಬಂದಳು. ಮೂರನೆಯ ದಿನ ಮೈತುಂಬ ಗುಳ್ಳೆ ಎದ್ದವು. ಮೈಲಿಯೇ. ಅವಳನ್ನು ಮನೆಯಿಂದ ದೂರ, ಗೊಬ್ಬರದ ಸೊಪ್ಪು ಇಡುವ ಕೊಟ್ಟಿಗೆಗೆ ಸಾಗಿಸಿದರು. ಅವಳ ಗಂಡ ಕುಶಾಲಪ್ಪ ಬಾಗಿಲ ತನಕ ಹೋಗಿ ನಿಂತು ಮರಳಿದ. ಮೊದಲೇ ಮೈಲಿ ಬಂದುಹೋದವರು ಮಾತ್ರ ಹತ್ತಿರ ಹೋಗಬಹುದು. ಆ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ.

ಬೆಳಿಗ್ಗೆ ಪೂವಮ್ಮ ನಮ್ಮ ಬಿಡಾರದ ಅಂಗಳದಲ್ಲಿ ಬಂದು ನಿಂತರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

“ಕೇಳ್ಲಿಕ್ಕೆ ನನಗೆ ಮುಖ ಇಲ್ಲ, ಮಾರಾಯ್ತಿ. ನಿಮಗೆ ಮೈಲಿ ಬಂದು ಹೋದದ್ದಲ್ವಾ. ಅವಳಿಗೆ ಒಂದು ಗುಟುಕು ನೀರು ಕೊಡುವವರಿಲ್ಲ. ನಾನು ಎಂತ ಮಾಡುದು?”

“ಸ್ವಲ್ಪ ತಡೀರಿ,” ಎಂದು ನಾನು ಒಳಗೆ ಹೋದೆ. ಅವತ್ತಿನ ಪಾಠ ಇನ್ನೂ ಓದಿರಲಿಲ್ಲ. ದೇವರು ಏನಾದರೂ ಹೇಳಲಿ ಎಂದು ಪುಸ್ತಕ ತೆರೆದೆ. ಆ ದಿನದ ಪಾಲಿಗೆ ಬಂದದ್ದು ಬರೀ ಹೆಸರುಗಳು. ಇಂಥವನ ಮಗ ಇಂಥವನು, ಅವನ ಮಗ ಇನ್ನೊಬ್ಬ. ಹೋಗು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಹೊರಗೆ ಮುದುಕಿ ಮೂಗು ಎಳೆಯುವುದು ಕೇಳುತ್ತಿತ್ತು. ಇಷ್ಟು ವರ್ಷ ಓದಿದ್ದರಲ್ಲಿ ರೋಗಿಯ ಮಾತು, ನೆರೆಯವರ ಮಾತು ಎಷ್ಟು ಸಲ ಬಂದುಹೋಗಿತ್ತು. ಅದನ್ನು ಈ ದಿನವೂ ಹೊಸದಾಗಿ ಹೇಳಿಸಿಕೊಳ್ಳಬೇಕೇ ಎನ್ನಿಸಿ ನಾಚಿಕೆಯಾಯಿತು. ಪುಸ್ತಕ ಮುಚ್ಚಿ ಹೊರಟೆ.

ಲೀಲಾವತಿಯ ಕಣ್ಣು ಅಂಟಿಹೋಗಿದ್ದವು. ಬಾಳೆ ಎಲೆಯ ಮೇಲೆ ಮಲಗಿಸಿದೆ, ಬೇವಿನ ಸೊಪ್ಪಿನಿಂದ ಗಾಳಿ ಹಾಕಿದೆ, ಎಳನೀರನ್ನು ಬಟ್ಟೆಯಲ್ಲಿ ಅದ್ದಿ ತುಟಿಗೆ ಹಿಂಡಿದೆ. ಅವ್ವ ನನಗೆ ಮಾಡಿದ್ದು ಕೈಗೆ ನೆನಪಿತ್ತು. ನಮ್ಮವರು ಸಂಜೆ ಬಂದು ದೂರ ನಿಂತು ಕೇಳುತ್ತಿದ್ದರು, “ಹೆಂಗ ಅದಾಳ?” ಹಲವು ದಿನ “ನೀರು ಇಳೀತೈತಿ” ಎಂದಷ್ಟೇ ಹೇಳುತ್ತಿದ್ದೆ.

ಬದುಕಿದಳು. ಒಂದು ಕಣ್ಣಿನ ಬೆಳಕು ಮಂಜಾಯಿತು.

ಹಕ್ಕಳೆ ಉದುರಿದ ಮೇಲೆ ಬೇವು ಅರಿಶಿನದ ನೀರಿನಲ್ಲಿ ಮೊದಲ ಸ್ನಾನ. ಅದಾದ ಮೇಲೆ ಮಾರಿಯಮ್ಮನಿಗೆ ದೀಪವಿಟ್ಟು ಎಳನೀರು ಒಪ್ಪಿಸುವುದು ಅವರ ಕ್ರಮ. ಪೂವಮ್ಮ ದೀಪ ನನ್ನ ಕಡೆ ನೀಡಿದರು. “ನೋಡಿಕೊಂಡವಳು ನೀನು. ನೀನೇ ಇಡಬೇಕು, ಮಗಾ.”

ಅವರು ನನ್ನನ್ನು ನೀನು ಎಂದದ್ದು, ಮಗಾ ಎಂದದ್ದು ಅದೇ ಮೊದಲು. ಒಲ್ಲೆ ಎಂದರೆ ಸಿಟ್ಟಾದಾರು. ಬಿಡಾರ ಬಿಡಿ ಎಂದರೆ ಹೋಗುವುದೆಲ್ಲಿಗೆ?

“ಅಮ್ಮಾ, ಆಕಿ ಮೈಗೆ ನೀರು ನಾನ ಹಾಕೇನಿ. ದೀಪ ನನ್ನ ಕೈಲೆ ಆಗೂದಿಲ್ರಿ. ನಾ ಬ್ಯಾರೆ ಕಡೆ ಬೇಡಿಕೊಂಡಾಕಿ.”

ಅವರು ನನ್ನನ್ನು ನೋಡಿದರು. ದೀಪ ಕೈಯಲ್ಲೇ ಉರಿಯುತ್ತಿತ್ತು.

“ಆಯ್ತು,” ಎಂದರು. “ಇದನ್ನು ನಾನು ಇಡ್ತೇನೆ. ನೀನು ಬೇಡಿದಲ್ಲಿಗೂ ಹೇಳಬೇಕಲ್ಲ, ಹೋಗಿ ಹೇಳು. ಇವಳ ಹೆಸರು ಹೇಳಿಯೇ ಹೇಳು.”

ಮುಂದಿನ ಭಾನುವಾರ ಪುತ್ತೂರಿನಲ್ಲಿ, ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಎಲ್ಲವನ್ನೂ ಕೇಳಿ, “ಅಷ್ಟು ದಿನ ಇದ್ದು ಕರ್ತನ ಬಗ್ಗೆ ಒಂದು ಮಾತೂ ಹೇಳ್ಲಿಲ್ವಾ?” ಎಂದರು. ಇಲ್ಲ ಎಂದೆ. ಅವರಿಗೆ ಬೇಸರವಾಯಿತು. ಮರಳುವಾಗ ಬಸ್ಸಿನಲ್ಲಿ ಅದೇ ಯೋಚನೆ. ಉಸಿರಾಡಲು ಒದ್ದಾಡುತ್ತಿದ್ದವಳ ಹತ್ತಿರ ನಾನು ಏನು ಹೇಳಬಹುದಿತ್ತು? ಅವರು ಹೇಳಿದ್ದು ತಪ್ಪೆನ್ನುವ ಧೈರ್ಯವೂ ನನಗೆ ಬರಲಿಲ್ಲ.

ಲೀಲಾವತಿ ಮಾತ್ರ ಕನ್ನಡಿ ಮುಟ್ಟುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ನಮ್ಮ ಬಿಡಾರಕ್ಕೆ ಬಂದು ನನ್ನ ಮುಖವನ್ನೇ ನೋಡುತ್ತ ಕೂತಳು. “ಅಕ್ಕಾ, ನೀವು ಹೇಗೆ ಜನರ ಎದುರು ಹೋಗುದು?”

“ಮೊದಮೊದಲು ಸೆರಗು ಮುಂದ ಎಳಕೊಂಡು ಹೋಗ್ತಿದ್ದೆ,” ಎಂದೆ. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ: ಮದುವೆಗೆ ನೋಡಲು ಬಂದವರು ಎದ್ದು ಹೋದದ್ದು, ನಮ್ಮವರು ಮಾತ್ರ ಏಳದೆ ಇನ್ನೊಂದು ಕಪ್ ಚಹಾ ಕೇಳಿದ್ದು. ಅವಳು ನಕ್ಕಳು. ಆಮೇಲೆ ದಿನವೂ ಬರತೊಡಗಿದಳು.

ಬಾವಿಯ ವಿಷಯ ಏನಾಯಿತು ಎಂದು ನೀವು ಕೇಳಬಹುದು. ಪೂವಮ್ಮ ಇದ್ದಾಗ ಈಗಲೂ ಅವರೇ ಎಳೆದು ಸುರಿಯುತ್ತಾರೆ. ಲೀಲಾವತಿ ಒಬ್ಬಳೇ ಇದ್ದಾಗ, “ಹಿಡೀರಿ ಅಕ್ಕಾ, ನನಗೆ ಕೈ ಸೋತಿತು,” ಎಂದು ಹಗ್ಗ ನನ್ನ ಕೈಗೆ ಕೊಡುತ್ತಾಳೆ. ಒಂದು ದಿನ ಪೂವಮ್ಮ ಅದನ್ನು ಕಂಡರು. ಏನೋ ಮರೆತವರಂತೆ ದನದ ಹಟ್ಟಿಯ ಕಡೆ ತಿರುಗಿ ಹೋದರು.

ಮೊನ್ನೆ ತಂಗಿಯ ಮದುವೆಗೆ ಬೆಟಗೇರಿಗೆ ಬಂದಿದ್ದೆನಲ್ಲ, ನಿಮ್ಮಲ್ಲಿ ಕೆಲವರು ಕಂಡಿರಿ. ಬಾಯಿ ತಪ್ಪಿ “ಉಂಟು” ಎಂದಾಗೆಲ್ಲ ನೀವು ನಕ್ಕಿರಿ. “ಈಕಿ ಘಟ್ಟದ ಕೆಳಗಿನಾಕಿ ಆದಳು” ಎಂದಿರಿ. ಇಲ್ಲಿ ನನ್ನನ್ನು ಇನ್ನೂ ಘಟ್ಟದ ಮೇಲಿನವರು ಎನ್ನುತ್ತಾರೆ. ಜೋಳದ ರೊಟ್ಟಿ ಹೊಟ್ಟೆ ತುಂಬ ತಿಂದೆ. ಸಂಜೆ ಹೊತ್ತಿಗೆ ಗಂಜಿ ನೆನಪಾಯಿತು.

ಹೊರಡುವ ದಿನ ಎಲ್ಲರೂ ಬೆಳಗಿನ ಪಾಠಕ್ಕೆ ಕೂತೆವು. ಅಪ್ಪ ಕೊನೆಯಲ್ಲಿ ಪ್ರಾರ್ಥಿಸಿದರು. ಮಗಳಿಗೂ ಅಳಿಯನಿಗೂ ವರ್ಗವಾಗಲಿ, ಪರಸ್ಥಳದವರ ನಡುವಿನಿಂದ ಅವರನ್ನು ತಮ್ಮ ಜನರ ಹತ್ತಿರ ಬೇಗ ಕರೆತಾ ಎಂದರು. ಅಪ್ಪನ ದನಿ ಒಡೆಯಿತು. ಎಲ್ಲರೂ ಒಟ್ಟಿಗೆ ಆಮೆನ್ ಎಂದರು.

ನನ್ನ ಬಾಯಿಂದ ಅದು ಹೊರಡಲಿಲ್ಲ. ಯಾವ ಜನರು ಎಂದು ಮನಸ್ಸು ಕೇಳುತ್ತಿತ್ತು. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಅಷ್ಟರಲ್ಲಿ ಹೊರಗೆ ಜಟಕಾ ಬಂದು ನಿಂತಿತು.