ಅಕ್ಕನ ಮುಖ ತಿದ್ದಿದ್ದು

ನಾನು ಓದುವ ಕಾಲೇಜಿನಲ್ಲಿ ವರ್ಷದ ಕೊನೆಗೆ ಎಲ್ಲರೂ ಎರಡು ಪುಟ ಬರೆದುಕೊಡಬೇಕು. ಈ ವರ್ಷ ನಿನ್ನ ಕಲೆ ಎಷ್ಟು ಬೆಳೆಯಿತು, ಮುಂದೆ ಏನು ಮಾಡಬೇಕೆಂದಿದ್ದೀಯ ಎಂದು. ಇಂಗ್ಲೆಂಡಿನ ಮಕ್ಕಳು ಅದನ್ನು ಕ್ಯಾಂಟೀನಿನಲ್ಲಿ ಕೂತು ಗೀಚಿ ಕೊಡುತ್ತಾರೆ. ಹೊರದೇಶಗಳಿಂದ ಬಂದ ನಾವು ಮಾತ್ರ ಅದರಲ್ಲಿ ಸ್ವಲ್ಪ ಅಜ್ಜಿ, ಸ್ವಲ್ಪ ಮಳೆ, ಸ್ವಲ್ಪ ಕಣ್ಣೀರು ಇರಲೇಬೇಕೆಂದು ನಮ್ಮಷ್ಟಕ್ಕೆ ನಾವೇ ತೀರ್ಮಾನಿಸಿಕೊಂಡಿದ್ದೇವೆ. ನಾನೂ ಹಾಕಿದೆ. ನಮ್ಮ ಮೇಡಂ ಓದಿ ತುಂಬ ಪ್ರಾಮಾಣಿಕವಾಗಿದೆ ಎಂದು ಮೆಚ್ಚಿಕೊಂಡರು. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಲಿಯುತ್ತಿರುವುದು ಇಲ್ಲಸ್ಟ್ರೇಷನ್, ಅಂದರೆ ಪುಸ್ತಕ ಪತ್ರಿಕೆಗಳಿಗೆ ಚಿತ್ರ ಬಿಡಿಸುವುದು. ಶಿವಮೊಗ್ಗದ ಹೊಸಮನೆಯ ನಮ್ಮ ಬೀದಿಯಲ್ಲಿ ಇದನ್ನು ಯಾರಿಗೂ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ. ಎದುರುಮನೆಯ ಆಂಟಿ ಇವತ್ತಿಗೂ ಅಮ್ಮನನ್ನು ಕೇಳುತ್ತಾರೆ, ‘ಡ್ರಾಯಿಂಗ್ ಟೀಚರ್ ಆಗೋಕೆ ವಿಮಾನ ಹತ್ತಬೇಕಾ?’ ಅಮ್ಮನಿಗೂ ಅದೇ ಸಂಶಯವಿದ್ದದ್ದರಿಂದ ಸುಮ್ಮನೆ ನಗುತ್ತಾಳೆ.

ಕಾಲೇಜಿನಲ್ಲಿ ನಾವು ಬಿಡಿಸಿದ್ದನ್ನು ಗೋಡೆಗೆ ಅಂಟಿಸಬೇಕು. ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ, ಬಿಡಿಸಿದವರು ಬಾಯಿ ತೆರೆಯುವ ಹಾಗಿಲ್ಲ. ಮೊದಲ ವರ್ಷದ ಒಂದು ದಿನ ನನ್ನ ಸರದಿ ಬಂತು. ಮೇಡಂ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದು ಬಂದು ಹೇಳಿದರು: ‘ಇಲ್ಲಿರುವುದು ಒಬ್ಬಳೇ ಹೆಂಗಸು. ಅದು ನೀನು. ಮೀನು ಮಾರುವವಳೂ ನೀನೇ, ರಾಣಿಯೂ ನೀನೇ. ಈ ಮುದುಕಿ ಕೂಡ ನೀನೇ, ಸ್ವಲ್ಪ ಸುಕ್ಕು ಬಳಿದುಕೊಂಡಿದ್ದೀಯ. ನಿನಗೆ ಬೇರೆಯವರು ಕಾಣಿಸುವುದೇ ಇಲ್ಲ ಅನ್ನಿಸುತ್ತದೆ.’ ಕ್ಲಾಸಿನವರು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ, ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಚೆನ್ನಾಗಿ ಅತ್ತೆ. ಬಿಳಿಯರಿಗೆ ನಮ್ಮ ಮುಖಗಳೆಲ್ಲ ಒಂದೇ ಥರ ಕಾಣುತ್ತವೆ, ಅದಕ್ಕೇ ಹೀಗೆ ಹೇಳಿದಳು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಆದರೆ ಆ ಮಾತು ನನಗೆ ಹೊಸದಲ್ಲ. ಸಣ್ಣವಳಿದ್ದಾಗ ಅಪ್ಪ ನನ್ನನ್ನೂ ಅಕ್ಕನನ್ನೂ ತ್ಯಾವರೆಕೊಪ್ಪದ ಹುಲಿ ಸಫಾರಿಗೆ ಕರೆದುಕೊಂಡು ಹೋಗಿದ್ದರು. ಮನೆಗೆ ಬಂದು ನಾನು ಹುಲಿಯ ಚಿತ್ರ ಬಿಡಿಸಿದೆ. ಅಪ್ಪ ಅದನ್ನು ದೂರ ಹಿಡಿದು ನೋಡಿ, ‘ಪಟ್ಟೆ ಹುಲೀದು, ಮುಖ ಮಾತ್ರ ನಿಂದೇ’ ಎಂದು ಬಿದ್ದು ಬಿದ್ದು ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು. ಅವಳು ನಕ್ಕರೆ ಹಲ್ಲೆಲ್ಲ ಹೊರಗೆ ಬರುತ್ತಿದ್ದವು, ಆಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಕ್ಕನದು ಅಪ್ಪನ ಮುಖ. ಅಗಲ ದವಡೆ, ಮುಂದೆ ಬಂದ ಹಲ್ಲು, ಈಚೆಗೆ ಎರಡೂ ಕೆನ್ನೆಗೆ ಬಂಗಿನ ಕಪ್ಪು ಕಲೆ ಬೇರೆ. ನನ್ನದು ಅಮ್ಮನ ಮುಖ. ಅಪ್ಪ ತೀರಿಕೊಂಡ ಮೇಲೆ ಅವರ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಅದೇ ದವಡೆ, ಅದೇ ಹಲ್ಲು. ಅದಕ್ಕೆ ಅಮ್ಮ ದಿನಾ ವಿಭೂತಿ ಹಚ್ಚಿ ಹೂ ಮುಡಿಸುತ್ತಾಳೆ. ಅದೇ ಮುಖ ಅಡುಗೆಮನೆಯಲ್ಲಿ ಓಡಾಡಿದರೆ ಅವಳಿಗೆ ಸಂಕಟ.

ಅಕ್ಕ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳನ್ನು ನೋಡಲು ಬಂದವರು ಬಹಳ. ಒಬ್ಬರು ಉಪ್ಪಿಟ್ಟು ತಿಂದು, ಕೈ ತೊಳೆಯುತ್ತಲೇ ‘ಹಲ್ಲಿಗೆ ಕ್ಲಿಪ್ ಹಾಕಿಸಿಲ್ವಾ’ ಎಂದು ಕೇಳಿದರು. ಇನ್ನೊಬ್ಬರು ಕಾರು ಬೀದಿಯ ತಿರುವು ದಾಟುವ ಮೊದಲೇ ಫೋನ್ ಮಾಡಿ ಬೇಡ ಎಂದರು. ಅಮ್ಮ ಗಾಂಧಿ ಬಜಾರಿನ ಹತ್ತಿರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ತಿದ್ದಿಸಿದಳು. ಸ್ಟುಡಿಯೋದವನು ಅಕ್ಕನ ಮುಖಕ್ಕೆ ಸುಣ್ಣ ಬಳಿದು ಕೊಟ್ಟ. ಅದನ್ನು ನೋಡಿದ ಒಂದು ಪಾರ್ಟಿಯವರು, ಇದು ಸ್ಟುಡಿಯೋ ಕೆಲಸ, ಒರಿಜಿನಲ್ ಕಳಿಸಿ ಎಂದು ಮೆಸೇಜ್ ಹಾಕಿದರು.

ಕಳೆದ ವರ್ಷ ರಜೆಗೆ ನಾನು ಊರಿಗೆ ಹೋದಾಗ ಭದ್ರಾವತಿಯಿಂದ ಒಂದು ಸಂಬಂಧದ ಮಾತು ನಡೆದಿತ್ತು. ಹುಡುಗನದು ಸ್ವಂತ ಮೆಡಿಕಲ್ ಶಾಪು. ನಮ್ಮವರೇ, ಜಾತಕವೂ ಕೂಡಿತ್ತು. ಫೋಟೋ ಕಳಿಸುವುದೊಂದು ಬಾಕಿ. ಅಮ್ಮ ನನ್ನ ಮುಂದೆ ಕಾಫಿ ಇಟ್ಟು, ‘ಅಷ್ಟು ದೂರ ಹೋಗಿ ಕಲ್ತಿದೀಯ. ಅಕ್ಕನ ಫೋಟೋ ಒಂಚೂರು ಸರಿ ಮಾಡು. ನೀನು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ’ ಅಂದಳು.

ನಾನು ಆಗುವುದಿಲ್ಲ ಎಂದೆ. ಮುಖವನ್ನು ಇದ್ದ ಹಾಗೆ ನೋಡುವುದನ್ನು ಕಲಿಯಲು ಹೋಗಿದ್ದೇನೆ, ಸುಳ್ಳು ಬಳಿಯಲು ಅಲ್ಲ ಎಂದು ಸಣ್ಣದೊಂದು ಭಾಷಣವನ್ನೇ ಮಾಡಿದೆ. ಅಕ್ಕ ಸೀರೆಗೆ ಇಸ್ತ್ರಿ ಹಾಕುತ್ತಿದ್ದವಳು ತಲೆ ಎತ್ತದೆ ಹೇಳಿದಳು, ‘ಮಾಡು ಮಾರಾಯ್ತಿ. ನೀನು ಅಲ್ಲಿ ಬರೆಯೋ ರಾಕ್ಷಸರಿಗಿಂತ ನಾನು ವಾಸಿ ಇದೀನಿ.’

ಟ್ಯಾಬ್ಲೆಟ್ ತೆಗೆದು ಕೂತೆ. ಮೊದಲು ಬಂಗು ತೆಗೆದೆ. ಹಲ್ಲಿನ ಮೇಲೆ ತುಟಿ ಎಳೆದೆ. ಅಮ್ಮ ಹಿಂದೆ ನಿಂತು, ‘ದವಡೆ ಒಂಚೂರು. ಸಾಕು. ಇನ್ನೊಂಚೂರು’ ಅನ್ನುತ್ತಿದ್ದಳು. ದವಡೆ ಇಳಿಸಿದರೆ ಮೂಗು ದಪ್ಪವಾಗಿ ಕಂಡಿತು, ಮೂಗು ತಿದ್ದಿದರೆ ಕಣ್ಣು ಸಣ್ಣದಾಯಿತು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತಿತ್ತು, ಹಾಗಾಗಿ ಎಲ್ಲವನ್ನೂ ಮುಟ್ಟಿದೆ. ನಿಜ ಹೇಳುತ್ತೇನೆ, ಕೆಲಸ ಮಾಡುತ್ತ ಮಾಡುತ್ತ ನನಗೆ ಖುಷಿಯಾಯಿತು. ಚರ್ಮ ಚರ್ಮದ ಹಾಗೇ ಇತ್ತು, ಸುಣ್ಣವಿರಲಿಲ್ಲ, ಬೆಳಕು ಬೀಳಬೇಕಾದ ಕಡೆಯೇ ಬಿದ್ದಿತ್ತು. ಅಮ್ಮ ನೋಡಿ ಕಣ್ಣೊರೆಸಿಕೊಂಡಳು. ಅಂದೇ ಫೋಟೋ ಭದ್ರಾವತಿಗೆ ಹೋಯಿತು. ಅಕ್ಕನ ಫೋನು ಕಿತ್ತುಕೊಂಡು ಅವಳ ವಾಟ್ಸಾಪಿನ ಡಿಪಿಗೂ ಅದನ್ನೇ ಹಾಕಿದಳು ಅಮ್ಮ, ಅವರು ನೋಡಿದರೆ ಎರಡೂ ಒಂದೇ ಇರಲಿ ಎಂದು.

ಹುಡುಗ ಫೋನ್ ಮಾಡಿದ. ಅಕ್ಕ ಮಹಡಿ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದಳು, ಮೊದಲು ಐದು ನಿಮಿಷ, ಆಮೇಲೆ ಅಮ್ಮ ಊಟಕ್ಕೆ ಕೂಗುವವರೆಗೆ. ಅವಳು ಹಾಗೆ ನಗುವುದನ್ನು ಅಪ್ಪ ಹೋದ ಮೇಲೆ ನಾನು ಕೇಳಿರಲಿಲ್ಲ. ಅವನು ವಿಡಿಯೋ ಹಾಕಿ ಎಂದಾಗ ಮಾತ್ರ, ‘ನಮ್ಮ ಕಡೆ ನೆಟ್‌ವರ್ಕ್ ಇಲ್ಲರೀ’ ಅನ್ನುತ್ತಿದ್ದಳು. ಒಂದು ಸಂಜೆ ನನ್ನ ಪಕ್ಕ ಬಂದು ಕೂತು ಹೇಳಿದಳು, ‘ಪಾಠ ಹೇಗೆ ಮಾಡ್ತೀರಿ, ಯಾವ ಹುಡುಗರು ತರಲೆ ಅಂತೆಲ್ಲ ಕೇಳ್ತಾರೆ ಕಣೆ. ಇದೊಂದು ಆಗ್ಲಿ ಅಂತ ಮೊದಲನೇ ಸಲ ಅನ್ನಿಸ್ತಿದೆ.’

ಅವರು ಬಂದದ್ದು ಒಂದು ಭಾನುವಾರ. ಹುಡುಗ, ಅವನ ತಾಯಿ, ಸೋದರತ್ತೆ, ಮಧ್ಯಸ್ಥಿಕೆ ವಹಿಸಿದ್ದ ನಮ್ಮ ಮಾವ. ಅಕ್ಕ ಹಸಿರು ಸೀರೆ ಉಟ್ಟು ಕಾಫಿಯ ತಟ್ಟೆ ಹಿಡಿದು ಹೋದಳು. ಹುಡುಗನ ತಾಯಿ ಲೋಟ ತೆಗೆದುಕೊಂಡು, ಅವಳ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿ, ‘ಹುಡುಗೀನ ಕರೀರಿ, ನಾವು ಬೇಗ ಹೊರಡೋದಿದೆ’ ಎಂದರು.

ಅಷ್ಟರಲ್ಲಿ ಕೇಸರಿಬಾತಿನ ಪ್ಲೇಟುಗಳನ್ನು ಹಿಡಿದು ನಾನು ಬಂದೆ. ನೈಟಿಯನ್ನು ಆಗಷ್ಟೇ ಬದಲಾಯಿಸಿ ಯಾವುದೋ ಹಳೇ ಚೂಡಿದಾರ ಹಾಕಿಕೊಂಡಿದ್ದೆ. ಸೋದರತ್ತೆಯ ಮುಖ ಅರಳಿತು. ‘ಬಾಮ್ಮ, ಇಲ್ಲಿ ಕೂತ್ಕೋ’ ಎಂದು ಪಕ್ಕದ ಕುರ್ಚಿ ತಟ್ಟಿದರು. ಫೋನು ತೆಗೆದು ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದರು. ‘ಫೋಟೋಕ್ಕಿಂತ ಇನ್ನೂ ಲಕ್ಷಣವಾಗಿದಾಳೆ.’

ನಾನು ಆ ಫೋನಿನ ಕಡೆ ತಿರುಗಿದೆ. ಅಲ್ಲಿದ್ದದ್ದು ನಾನು. ನನ್ನ ಮೂಗು, ನನ್ನ ಗಲ್ಲ, ಮೇಲಕ್ಕೆ ಸ್ವಲ್ಪ ಎಳೆದ ನನ್ನ ಕಣ್ಣು. ಅಕ್ಕನದೆಂದು ಉಳಿದಿದ್ದದ್ದು ಅವಳ ರವಿಕೆ ಮತ್ತು ಓಲೆ. ನಾನೂ ಅಮ್ಮನೂ ತಲೆಗೆ ತಲೆ ಕೊಟ್ಟು ಅಷ್ಟು ಹೊತ್ತು ನೋಡಿದ್ದೆವು, ಇಬ್ಬರಿಗೂ ಕಾಣಿಸಿರಲಿಲ್ಲ. ಅಮ್ಮನಿಗೆ ಹೇಗೆ ಕಂಡೀತು, ಅವಳಿಗೆ ಚೆಂದದ ಮುಖ ಅಂದರೆ ಅವಳದೇ ಮುಖ.

‘ಹುಡುಗಿ ನಾನೇ’ ಎಂದಳು ಅಕ್ಕ.

ಆ ದನಿ ಕೇಳಿ ಹುಡುಗ ಥಟ್ಟನೆ ತಲೆ ಎತ್ತಿದ. ಅವನಿಗೆ ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಒಂದು ಕ್ಷಣ ಅವಳನ್ನು ನೋಡಿದ, ಆಮೇಲೆ ಕೇಸರಿಬಾತಿನೊಳಗಿನ ದ್ರಾಕ್ಷಿಯನ್ನು ಚಮಚದಿಂದ ಪಕ್ಕಕ್ಕೆ ಸರಿಸತೊಡಗಿದ. ಒಂದು ಮಾತು ಆಡಬಹುದಿತ್ತು. ಅಷ್ಟು ದಿನ ಮಾತಾಡಿದ್ದ ಬಾಯಿ ಅದು. ಈಗಲೂ ಅವನ ಮುಖ ನೆನಪಿಗೆ ಬಂದರೆ ನನಗೆ ಮೈ ಉರಿಯುತ್ತದೆ.

ಮರುದಿನ ಮಾವ ಫೋನ್ ಮಾಡಿದರು. ಮೋಸ ಮಾಡಿದ್ದಕ್ಕೆ ಅವರಿಗೆ ಬೇಜಾರಾಗಿದೆ, ಆದರೂ ಮನೆತನ ಒಳ್ಳೇದು ಅಂತ ಬಿಡೋಕೆ ಮನಸ್ಸಿಲ್ಲ, ಚಿಕ್ಕವಳನ್ನ ಕೊಡೋದಾದ್ರೆ ಓದು ಮುಗಿಯೋವರೆಗೂ ಕಾಯ್ತಾರಂತೆ ಎಂದು. ಅಮ್ಮ ಫೋನಿಟ್ಟು ಬಂದು, ಅಕ್ಕ ಅಲ್ಲೇ ಚಪಾತಿ ಲಟ್ಟಿಸುತ್ತಿದ್ದರೂ ನನ್ನ ಕಡೆ ನೋಡಿ, ‘ಒಂದ್ಸಲ ಯೋಚನೆ ಮಾಡು’ ಎಂದಳು. ನಾನು ಕೂಗಾಡಿದೆ. ಇಂಥ ತಾಯಿಯನ್ನು ಎಲ್ಲೂ ನೋಡಿಲ್ಲ ಎಂದೆ. ಅಮ್ಮ, ‘ಒಬ್ಬಳಾದ್ರೂ ಆಗ್ಲಿ ಅಂತ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕ ಲಟ್ಟಣಿಗೆ ನಿಲ್ಲಿಸಲಿಲ್ಲ. ‘ಮಾಡ್ಕೊ ಕಣೆ. ಒಳ್ಳೆಯವರು. ಫೋನಲ್ಲಿ ಚೆನ್ನಾಗಿ ಮಾತಾಡ್ತಾರೆ’ ಎಂದಳು.

ನಾನು ಹೊರಡುವ ವಾರ ಅಕ್ಕ ನನ್ನನ್ನು ಭದ್ರಾವತಿಗೆ ಕರೆದುಕೊಂಡು ಹೋದಳು. ಸ್ಕೂಲು ತೋರಿಸುತ್ತೇನೆ ಎಂದಿದ್ದಳು, ಬಸ್ಸಿಳಿದು ನೇರ ಒಂದು ಮೆಡಿಕಲ್ ಶಾಪಿಗೆ ಹೋದಳು. ಅವನು ಕೌಂಟರಿನಲ್ಲಿ ಬಗ್ಗಿ ಏನೋ ಬರೆಯುತ್ತಿದ್ದ. ‘ತಲೆನೋವಿಗೆ ಒಂದು ಮಾತ್ರೆ ಕೊಡಿ’ ಎಂದಳು ಅಕ್ಕ. ಅವನ ಪೆನ್ನು ನಿಂತಿತು. ತಲೆ ಎತ್ತದೆಯೇ, ‘ಒಂದೇ ಸಾಕಾ, ಸ್ಟ್ರಿಪ್ ಕೊಡ್ಲಾ?’ ಎಂದು ಕೇಳಿದ. ‘ಒಂದೇ ಸಾಕು’ ಎಂದು ತೆಗೆದುಕೊಂಡು ಹೊರಗೆ ಬಂದು, ಅಕ್ಕ ಆ ಮಾತ್ರೆಯನ್ನು ಚರಂಡಿಗೆ ಹಾಕಿದಳು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನ ಎದುರು ತಿರುಗಿ ಕೂತಳು. ‘ಡ್ರಾಯಿಂಗ್ ಪುಸ್ತಕ ತಂದಿದೀಯಲ್ಲ, ಬರಿ. ಇದನ್ನ ನೋಡ್ಕೊಂಡು ಬರಿ’ ಎಂದು ತನ್ನ ಮುಖ ತೋರಿಸಿದಳು.

ಬರೆದೆ. ದವಡೆಯನ್ನು ಅದರ ಅಗಲಕ್ಕೇ ಎಳೆದೆ. ಬಂಗಿನ ಅಂಚು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮೊದಲ ಸಲ ನೋಡಿದೆ. ಹಲ್ಲನ್ನು ಮುಚ್ಚಲು ಮೇಲಿನ ತುಟಿ ಎಷ್ಟು ಕಷ್ಟಪಡುತ್ತದೆ, ಆ ಕಷ್ಟಕ್ಕೇ ಗಲ್ಲದ ಮೇಲೆ ಒಂದು ಗುಳಿ ಬಿದ್ದಿದೆ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅದು ನನಗೆ ಗೊತ್ತಿರಲಿಲ್ಲ. ಕೈ ತಾನಾಗಿ ನನ್ನ ಮೂಗಿನ ಕಡೆ ಹೋದಾಗಲೆಲ್ಲ ಹಿಡಿದು ನಿಲ್ಲಿಸಿದೆ. ಹೂ ಮಾರುತ್ತಿದ್ದ ತಮಿಳಿನ ಹೆಂಗಸೊಬ್ಬಳು ಹಿಂದೆ ಬಂದು ಇಣುಕಿ, ‘ಅಕ್ಕ ಹಂಗೇ ಬಂದೈತೆ’ ಎಂದಳು. ನನಗೂ ಗೊತ್ತಿತ್ತು. ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಕೈಯಿಂದ ಬಂದಿರಲಿಲ್ಲ. ಅಕ್ಕನಿಗೆ ತಿರುಗಿಸಿ ಕೊಟ್ಟೆ.

ಅವಳು ಬಹಳ ಹೊತ್ತು ನೋಡಿದಳು. ಶಿವಮೊಗ್ಗದ ಬಸ್ಸು ಬಂದು ನಿಂತಿತು. ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು ಎದ್ದಳು.

‘ಹಾಗಾದ್ರೆ ಅವರದ್ದೇನೂ ತಪ್ಪಿಲ್ಲ ಬಿಡು’ ಎಂದಳು.

ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ಆ ಚಿತ್ರದಲ್ಲಿ ನಾನು ಕಂಡದ್ದು ಇದು, ಇಷ್ಟು ಎಂದು ಹೇಳಲು ಎರಡು ಮೂರು ಸಲ ಬಾಯಿ ತೆರೆದೆ. ಹೇಳಿದ್ದರೂ ಅದು ಇನ್ನೊಂದು ಭಾಷಣವಾಗುತ್ತಿತ್ತು.

ಇಂಗ್ಲೆಂಡಿಗೆ ಮರಳಿ ಆ ಚಿತ್ರವನ್ನು ಗೋಡೆಗೆ ಅಂಟಿಸಿದೆ. ಈ ಸಲ ಯಾರೂ ನಗಲಿಲ್ಲ. ಮೇಡಂ ಅದರ ಮುಂದೆ ಕೈಕಟ್ಟಿ ನಿಂತು, ‘ಕೊನೆಗೂ ನೀನು ಚಿತ್ರದಿಂದ ಹೊರಗೆ ಹೋದೆ’ ಎಂದರು. ವರ್ಷದ ಪ್ರದರ್ಶನಕ್ಕೆ ಬಾಗಿಲಿಗೆ ಎದುರಾಗಿ ಅದನ್ನೇ ಹಾಕಿದರು. ನೋಡಿದ ಪ್ರಕಾಶಕರೊಬ್ಬರು ಮುಖಗಳ ಬಗ್ಗೆ ಮಕ್ಕಳಿಗಾಗಿ ಮಾಡುತ್ತಿರುವ ಒಂದು ಪುಸ್ತಕದ ಕೆಲಸ ಕೊಟ್ಟಿದ್ದಾರೆ. ಓದು ಮುಗಿದ ಮೇಲೆ ಇಲ್ಲೇ ಉಳಿದು ಅದನ್ನು ಮಾಡುತ್ತೇನೆ. ನನ್ನ ಬೆಳವಣಿಗೆ, ನನ್ನ ಮುಂದಿನ ಯೋಜನೆ, ಎರಡೂ ಅಕ್ಕನ ದವಡೆಯ ಮೇಲೆ ನಿಂತಿವೆ. ಆ ಎರಡು ಪುಟಗಳಲ್ಲಿ ನಾನು ಬರೆಯದೆ ಬಿಟ್ಟದ್ದು ಇದನ್ನೇ.

ಅಕ್ಕ ವಾಟ್ಸಾಪಿನಿಂದ ಆ ತಿದ್ದಿದ ಫೋಟೋವನ್ನು ಇನ್ನೂ ತೆಗೆದಿಲ್ಲ. ತೆಗಿ ಎಂದು ನಾನು ಬೇಡಿಕೊಂಡಿದ್ದೆ. ‘ಇರ್ಲಿ ಬಿಡು, ಚೆನ್ನಾಗಿದೆ’ ಎಂದಳು. ಹಾಗಾಗಿ ಅವಳು ಫೋನ್ ಮಾಡಿದಾಗಲೆಲ್ಲ ಪರದೆಯ ಮೇಲೆ ನನ್ನ ಮುಖವೇ ಬಂದು ನನ್ನನ್ನು ಕರೆಯುತ್ತದೆ. ಎತ್ತಿಕೊಂಡರೆ ಒಳಗಿನಿಂದ ಅಕ್ಕನ ದನಿ, ಊಟ ಆಯ್ತಾ, ಚಳಿ ಹೇಗಿದೆ ಎಂದು. ವಿಡಿಯೋ ಹಾಕೇ, ನಿನ್ನನ್ನು ನೋಡಬೇಕು ಅನ್ನುತ್ತೇನೆ.

‘ನಮ್ಮ ಕಡೆ ನೆಟ್‌ವರ್ಕ್ ಇಲ್ಲ ಕಣೆ’ ಅನ್ನುತ್ತಾಳೆ.